ವಾದ ಯಾವುದು, ಸಾಕ್ಷಿ ಯಾವುದು?

ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ನಾಲ್ಕು ತಾಲ್ಲೂಕು. ಈ ಸೀಮೆಯ ಹೈಸ್ಕೂಲುಗಳಲ್ಲಿ ಕನ್ನಡ ಪಾಠ ಮಾಡುತ್ತಾ ನಾನು ಕಂಡದ್ದು ಇಷ್ಟು: ಹತ್ತನೇ ತರಗತಿಯ ಮಕ್ಕಳು ವ್ಯಾಕರಣಕ್ಕಿಂತ ಹೆಚ್ಚಾಗಿ ತಡವರಿಸುವುದು ಅಪಠಿತ ಗದ್ಯದಲ್ಲಿ. ಇಸವಿ ಯಾವುದು, ಊರು ಯಾವುದು ಎಂದರೆ ಬೆರಳಿಟ್ಟು ತೋರಿಸುತ್ತಾರೆ. ಶೀರ್ಷಿಕೆ ಕೊಡಿ ಎಂದರೆ ಮೊದಲ ಸಾಲನ್ನು ಎತ್ತಿ ಬರೆಯುತ್ತಾರೆ, ಇಲ್ಲವೇ ದೊಡ್ಡದಾಗಿ ಕಾಣುವ ಅಂಕಿಯನ್ನು.

ಅದಕ್ಕೇ ಮಕ್ಕಳಿಗೆ ಗೊತ್ತಿರುವ ಸಂಗತಿಯನ್ನೇ ಗದ್ಯ ಮಾಡಿ ಬೋರ್ಡಿನ ಮೇಲೆ ಬರೆಯತೊಡಗಿದೆ. ಪಾವಗಡದ ಸೋಲಾರ್ ಪಾರ್ಕ್ ಹೇಳಿ ಮಾಡಿಸಿದಂತಿತ್ತು:

‘ಪಾವಗಡದ ರೈತರು ಜಮೀನು ಮಾರದೆಯೇ ಆದಾಯ ಕಂಡುಕೊಂಡರು. ಇಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಅದಕ್ಕೆ ಜಮೀನನ್ನು ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ.’

ಮುಖ್ಯಾಂಶ ಏನು ಎಂದು ಕೇಳಿದರೆ ಅರ್ಧ ತರಗತಿ ‘2,050 ಮೆಗಾವಾಟ್ ಸಾರ್’ ಎನ್ನುತ್ತದೆ. ಆ ಅಂಕಿಯನ್ನು ಡಸ್ಟರಿನಿಂದ ಒರೆಸುತ್ತೇನೆ. ಪ್ಯಾರಾ ಏನೂ ಕೆಡುವುದಿಲ್ಲ. ಆಮೇಲೆ ಮೊದಲ ವಾಕ್ಯ ಒರೆಸುತ್ತೇನೆ. ಎಕರೆ, ಗುತ್ತಿಗೆ, ಶೇಕಡಾವಾರು ಎಲ್ಲ ಇದ್ದಲ್ಲೇ ಇವೆ, ಆದರೆ ‘ಅದಕ್ಕೇನೀಗ?’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಪಂಚಾಯ್ತಿಯಲ್ಲಿ ಒಬ್ಬ ವಾದ ಹೂಡುತ್ತಾನೆ, ಉಳಿದವರು ಅವನ ಪರ ಸಾಕ್ಷಿ ನುಡಿಯುತ್ತಾರೆ. ಗದ್ಯದಲ್ಲಿ ವಾದವೇ ಮುಖ್ಯಾಂಶ, ಸಾಕ್ಷಿಗಳು ಪೋಷಕ ವಿವರ.

ಮರುದಿನ ಇನ್ನೊಂದು ಪ್ಯಾರಾ:

‘ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಹೋಯಿತು. ಗುತ್ತಿಗೆ ಹಣ ಸೇರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದವರಿಗೆ ಆ ಕೂಲಿ ಇಲ್ಲ. ಕುರಿ ಮೇಯಿಸುವವರಿಗೆ ಬೇಲಿ ಅಡ್ಡ.’

ಇಲ್ಲಿ ವಾದ ಯಾವ ವಾಕ್ಯದಲ್ಲೂ ಇಲ್ಲ. ಸಾಕ್ಷಿಗಳನ್ನೆಲ್ಲ ಕೇಳಿ ನಾವೇ ಹೇಳಬೇಕು: ಭೂಮಿ ಇಲ್ಲದವರ ಪಾಲಿಗೆ ಪಾರ್ಕಿನಿಂದ ನಷ್ಟವೂ ಆಗಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎರಡನ್ನೂ ಹೋಲಿಸಿ, ‘ಎಕರೆ ಅಷ್ಟೇ ಸಾರ್, ಮಾತು ಬೇರೆ’ ಎಂದಳು. ನಿಜ. ವಿವರಕ್ಕೆ ತನ್ನದೇ ಆದ ಪಕ್ಷವಿಲ್ಲ. ಅಂಕಿಯೊಂದನ್ನೇ ದಿಟ್ಟಿಸಿ ನೋಡಿದರೆ ಮುಖ್ಯಾಂಶ ಸಿಗುವುದಿಲ್ಲ, ಅದು ಯಾರ ಪರ ನುಡಿಯುತ್ತಿದೆ ಎಂದು ಕೇಳಬೇಕು.

ಅಪಠಿತ ಗದ್ಯ ಕಲಿಸಲು ನನಗೆ ಹೆಚ್ಚು ನೆರವಾದದ್ದು ತೆಲುಗು. ಪಾವಗಡದ ಬಹಳಷ್ಟು ಮಕ್ಕಳ ಮನೆಮಾತು ಅದೇ. ಪ್ಯಾರಾ ಓದಿದ ಮೇಲೆ ಪುಸ್ತಕ ಮುಚ್ಚಿಸಿ, ‘ಇದರಲ್ಲಿ ಏನಿದೆ ಅಂತ ನಿಮ್ಮಜ್ಜಿಗೆ ಒಂದೇ ಮಾತಲ್ಲಿ ಹೇಳು’ ಎನ್ನುತ್ತೇನೆ. ತೆಲುಗಿನಲ್ಲಿ ಹೇಳುವಾಗ ಸಾಲು ಎತ್ತಿ ಬರೆಯುವ ದಾರಿಯೇ ಇಲ್ಲ, ಅರ್ಥವಾದದ್ದಷ್ಟೇ ಹೊರಗೆ ಬರುತ್ತದೆ. ಆಮೇಲೆ ಅದನ್ನೇ ಕನ್ನಡದಲ್ಲಿ ಬರೆಸುತ್ತೇನೆ. ಮನೆಯಲ್ಲಿ ಕನ್ನಡವನ್ನೇ ಆಡುವ ಕೊರಟಗೆರೆ ಮಕ್ಕಳಿಗೂ ಪುಸ್ತಕ ಮುಚ್ಚಿ ಹೇಳಿಸುವುದು ಅಷ್ಟೇ ಫಲ ಕೊಟ್ಟಿದೆ.

ಪರೀಕ್ಷೆಯಲ್ಲಿ ಇದಕ್ಕೆ ಸಿಗುವ ಅಂಕ ಕೆಲವೇ. ಆದರೆ ಪೇಪರು, ಕರಪತ್ರ, ಸರ್ಕಾರಿ ಜಾಹೀರಾತು ಓದುವಾಗಲೂ ಇದೇ ವಿದ್ಯೆ ಬೇಕು. ಮೊದಲು ವಾದ ಹುಡುಕಬೇಕು, ಆಮೇಲೆ ಸಾಕ್ಷಿ ತೂಗಬೇಕು. ಮೊದಲ ಪ್ಯಾರಾದಲ್ಲಿ ಕೂಲಿಯವರು ಇರಲಿಲ್ಲ, ಎರಡನೆಯದರಲ್ಲಿ 21,000 ರೂಪಾಯಿ ಇರಲಿಲ್ಲ. ಆದ್ದರಿಂದ ನನ್ನ ಮಕ್ಕಳಿಗೆ ಈಗ ಇನ್ನೊಂದು ಪ್ರಶ್ನೆಯನ್ನೂ ಕೊಡುತ್ತೇನೆ: ಬರೆದವರು ಯಾವ ಸಾಕ್ಷಿಯನ್ನು ಕರೆಯದೆ ಬಿಟ್ಟಿದ್ದಾರೆ?