ಖಂಡಗಳ ಅಂಚಿನಲ್ಲಿ ಸಾಗರಪ್ರವಾಹಗಳು

ವಾಣಿಜ್ಯ ಮಾರುತಗಳೂ ಪಶ್ಚಿಮ ಮಾರುತಗಳೂ ಸಾಗರದ ಮೇಲ್ಮೈಯನ್ನು ನೂಕುತ್ತಿರಲು, ಭೂಭ್ರಮಣಜನ್ಯವಾದ ಕೊರಿಯೋಲಿಸ್ ಪ್ರಭಾವವು ಆ ಜಲರಾಶಿಯ ದಿಕ್ಕನ್ನು ತಿರುಗಿಸಲು, ಖಂಡಗಳ ತೀರಗಳು ಅದರ ಮಾರ್ಗವನ್ನು ತಡೆಯಲು, ಉತ್ತರಾರ್ಧಗೋಳದಲ್ಲಿ ಪ್ರದಕ್ಷಿಣವಾಗಿಯೂ ದಕ್ಷಿಣಾರ್ಧಗೋಳದಲ್ಲಿ ಅಪ್ರದಕ್ಷಿಣವಾಗಿಯೂ ಸುತ್ತುವ 5 ಮಹಾ ಉಪೋಷ್ಣವಲಯ ಆವರ್ತಗಳು ರೂಪುಗೊಳ್ಳುತ್ತವೆ. ಆದರೆ ಇವು ಸಮಾಂಗವಾದುವಲ್ಲ. ವಿಷಯದ ಮರ್ಮವಿರುವುದು ಇಲ್ಲಿಯೇ.

ಸಾಗರದ ಪಶ್ಚಿಮದ ಅಂಚಿನಲ್ಲಿ, ಎಂದರೆ ಖಂಡದ ಪೂರ್ವತೀರವನ್ನು ಅನುಸರಿಸಿ, ನೀರು ಕಿರಿದೂ ಆಳವೂ ಆದ ಉಷ್ಣಪ್ರವಾಹವಾಗಿ ಧ್ರುವಾಭಿಮುಖವಾಗಿ ಧಾವಿಸುತ್ತದೆ. ಫ್ಲಾರಿಡಾ ಜಲಸಂಧಿಯಲ್ಲಿ ಗಲ್ಫ್ ಸ್ಟ್ರೀಮ್ ಸೆಕೆಂಡಿಗೆ ಸುಮಾರು 3 ಕೋಟಿ ಘನಮೀಟರ್ ನೀರನ್ನು ಒಯ್ಯುವುದೆಂದರೆ ಅದರ ಮಹತ್ತ್ವವನ್ನು ಊಹಿಸಬಹುದು! ಜಪಾನಿನ ಕುರೋಷಿಯೋ, ದಕ್ಷಿಣ ಆಫ್ರಿಕದ ಅಗುಲ್ಹಾಸ್ ಇದೇ ವರ್ಗದವು; ಇವನ್ನು ‘ಪಶ್ಚಿಮ ಸೀಮಾಪ್ರವಾಹ’ಗಳೆನ್ನುತ್ತಾರೆ. ಕೊರಿಯೋಲಿಸ್ ಪ್ರಭಾವವು ಅಕ್ಷಾಂಶಕ್ಕನುಗುಣವಾಗಿ ವ್ಯತ್ಯಾಸಗೊಳ್ಳುವುದೇ ಈ ಪಶ್ಚಿಮ ತೀವ್ರತೆಗೆ ಕಾರಣವೆಂದೂ, ಅದು ಎಲ್ಲೆಡೆಯೂ ಏಕರೂಪವಾಗಿದ್ದಲ್ಲಿ ಆವರ್ತವು ಸಮಾಂಗವಾಗಿಯೇ ಉಳಿಯುತ್ತಿದ್ದಿತೆಂದೂ ಹೆನ್ರಿ ಸ್ಟಾಮೆಲ್ 1948ರಲ್ಲಿ ಗಣಿತದಿಂದ ತೋರಿಸಿಕೊಟ್ಟರು.

ಪೂರ್ವದ ಅಂಚಿನ ಕೆನರಿ, ಕ್ಯಾಲಿಫೋರ್ನಿಯ, ಪೆರು, ಬೆಂಗ್ವೆಲಾ ಪ್ರವಾಹಗಳು ಶೀತಲವೂ ವಿಶಾಲವೂ ಮಂದವೂ ಆದವು. ಅಲ್ಲಿ ಗಾಳಿಯು ಮೇಲ್ಜಲವನ್ನು ತೀರದಿಂದಾಚೆಗೆ ಸರಿಸುವುದರಿಂದ ಪೋಷಕಾಂಶಪೂರಿತವಾದ ಆಳದ ನೀರು ಮೇಲೇರಿ ಮತ್ಸ್ಯಸಮೃದ್ಧಿಗೆ ಕಾರಣವಾಗುತ್ತದೆ.

ಹಿಂದೂ ಮಹಾಸಾಗರದ ಉತ್ತರಭಾಗವು ಅಪವಾದ. ಸೊಮಾಲಿ ಪ್ರವಾಹವು ಮಾನ್ಸೂನಿನೊಡನೆ ದಿಕ್ಕನ್ನೇ ಬದಲಿಸುತ್ತದೆ. ನಮ್ಮ ಪಶ್ಚಿಮ ಕರಾವಳಿಯ ಪ್ರವಾಹವೂ ಮುಂಗಾರಿನಲ್ಲಿ ದಕ್ಷಿಣಕ್ಕೂ ಚಳಿಗಾಲದಲ್ಲಿ ಉತ್ತರಕ್ಕೂ ಹರಿಯುವುದು.

‘ಪಶ್ಚಿಮ ಸೀಮಾಪ್ರವಾಹ’ ಎಂಬಲ್ಲಿ ಪಶ್ಚಿಮವೆಂಬುದು ಸಾಗರಕ್ಕೆ ಅನ್ವಯಿಸುತ್ತದೆಯೇ ಹೊರತು ಖಂಡಕ್ಕಲ್ಲವೆಂಬುದನ್ನು ಪರೀಕ್ಷಾರ್ಥಿಗಳು ಅವಶ್ಯವಾಗಿ ನೆನಪಿನಲ್ಲಿಡಬೇಕು.