ಚೀಟಿ ಬರೆಯದೆ ಸಂತೆಗೆ ಹೋಗು

ಮಗಾ, ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು, ಹಿರಿಯರ ಮನೆಯನ್ನೇ ಹೋಂಸ್ಟೇ ಮಾಡಿ, ಬಂದವರಿಗೆ ನೀನೂ ನಿನ್ನ ಹೆಂಡತಿಯೂ ಕೈಯಾರೆ ಅಡುಗೆ ಮಾಡಿ ಬಡಿಸುತ್ತೀರಿ ಎಂದು ಕೇಳಿ ನನಗೆ ತುಂಬಾ ಸಂತೋಷವಾಯಿತು. ಒಂದು ವಿಷಯ ಮಾತ್ರ ಮನಸ್ಸನ್ನು ಕೊರೆಯುತ್ತಿದೆ. ವಾರದ ತರಕಾರಿಗೆ ಮೊದಲೇ ಚೀಟಿ ಬರೆದು ಹಾಸನಕ್ಕೆ ಕಳಿಸಿಬಿಡುತ್ತೀಯಂತೆ. ಹೂಕೋಸು, ಕ್ಯಾಪ್ಸಿಕಂ, ಬೀನ್ಸು, ಟೊಮೆಟೊ. ಜೂನ್‌ನಲ್ಲೂ ಅದೇ, ಜನವರಿಯಲ್ಲೂ ಅದೇ. ಸಕಲೇಶಪುರದ ಮಳೆ ನೋಡಬೇಕೆಂದು ಅಷ್ಟು ದೂರದಿಂದ ಬಂದವರ ಎಲೆಗೆ ಆ ಮಳೆಯಲ್ಲಿ ಹುಟ್ಟಿದ್ದು ಒಂದೂ ಬೀಳುವುದಿಲ್ಲ.

ಚೀಟಿ ಬರೆಯುವುದನ್ನು ಬಿಡು. ಮೊದಲು ಸಂತೆಗೆ ಹೋಗು, ಏನು ಬಂದಿದೆ ನೋಡು, ಆಮೇಲೆ ಅಡುಗೆ ಏನೆಂದು ಯೋಚಿಸು.

ಸಕಲೇಶಪುರದ ಸಂತೆಯಾಗಲಿ, ಆಲೂರಿನದಾಗಲಿ, ಒಳಗೆ ಕಾಲಿಟ್ಟ ಕೂಡಲೇ ಕೊಳ್ಳಬೇಡ. ಚಿಲ್ಲರೆ ಇಟ್ಟುಕೊಂಡು, ಬಟ್ಟೆಚೀಲ ಹಿಡಿದು, ಒಂದು ಸುತ್ತು ಪೂರ್ತಿ ನಡೆ. ನಡುವೆ ಟಾರ್ಪಾಲು ಕಟ್ಟಿ, ಒಂದೇ ಗಾತ್ರದ ಕಾಯಿ ರಾಶಿ ಹಾಕಿದವರು ಮಂಡಿಯಿಂದ ತಂದು ಮಾರುವವರು. ಅವರದ್ದೂ ದುಡಿಮೆಯೇ, ಈರುಳ್ಳಿ ಬೇಕಾದರೆ ಅವರಲ್ಲೇ ಕೊಳ್ಳಬೇಕು. ನೀನು ಹುಡುಕಬೇಕಾದವರು ಸಂತೆಯ ಅಂಚಿನಲ್ಲಿ ಗೋಣಿತಾಟು ಹಾಸಿ ಕೂತಿರುತ್ತಾರೆ. ಅವರ ಮುಂದೆ ಎರಡು ಸೋರೆಕಾಯಿ, ನಾಲ್ಕು ಕಟ್ಟು ಸೊಪ್ಪು, ಒಂದು ಗುಡ್ಡೆ ಅಮಟೆಕಾಯಿ, ಎಲೆಯ ಮೇಲೆ ಒಂದು ಹಿಡಿ ಸೂಜಿಮೆಣಸು. ಒಂದು ಕಾಯಿಯಂತೆ ಇನ್ನೊಂದಿಲ್ಲ. ಅದು ಹಿತ್ತಲಲ್ಲಿ ಬೆಳೆದದ್ದು, ಬೆಳಿಗ್ಗೆ ಕೊಯ್ದದ್ದು.

ಅದು ಅಲ್ಲಿಗೆ ಬಂದು ತಲುಪುವುದೂ ಸುಲಭವಲ್ಲ. ಆನೆ ಯಾವ ತೋಟದಲ್ಲಿದೆ ಎಂಬ ಮೆಸೇಜು ನೋಡಿಕೊಂಡೇ ಮನೆಯಿಂದ ಹೊರಡಬೇಕಾದ ಸೀಮೆ ನಮ್ಮದು. ಆನೆ ಕಾಟಕ್ಕೆ ಬೇಸತ್ತು ಭತ್ತ ಬಿಟ್ಟವರು, ಹಣ್ಣಿನ ವಾಸನೆಗೆ ಆನೆ ಬರುತ್ತದೆಂದು ಮನೆ ಹತ್ತಿರದ ಹಲಸಿನ ಮರವನ್ನೇ ಕಡಿಸಿದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಇಷ್ಟಾದ ಮೇಲೂ ಒಬ್ಬ ಹೆಂಗಸು ಬುಟ್ಟಿ ಹೊತ್ತು ಬಸ್ಸು ಹತ್ತಿ ಬಂದಿದ್ದಾಳೆಂದರೆ, ಅವಳ ಹತ್ತಿರ ಹತ್ತು ರೂಪಾಯಿಗೆ ಚೌಕಾಸಿ ಮಾಡಬೇಡ. ಕೊಸರು ಕೇಳಬೇಡ. ತಾನಾಗಿ ಕೊಟ್ಟರೆ ಮಾತ್ರ ಬೇಡವೆನ್ನದೆ ತೆಗೆದುಕೋ.

ಈಗ ಆರಿದ್ರೆ ಮಳೆ ಹಿಡಿದಿದೆ. ಕಳಲೆ ಬರುವ ಕಾಲ, ಅದರ ಬಗ್ಗೆ ವಿವರವಾಗಿಯೇ ಹೇಳುತ್ತೇನೆ, ಗಮನವಿಟ್ಟು ಕೇಳು. ಬಿದಿರಿನ ಎಳೆ ಮೊಳಕೆಯ ಹಾಳೆಗಳನ್ನು ಒಂದೊಂದಾಗಿ ಬಿಡಿಸಿದರೆ ಒಳಗೆ ಬೆಣ್ಣೆಬಣ್ಣದ ತಿರುಳು ಸಿಗುತ್ತದೆ. ತುದಿಯಿಂದ ತೆಳ್ಳಗೆ ಕೊಚ್ಚುತ್ತಾ ಬಾ. ಕತ್ತಿ ಸಲೀಸಾಗಿ ಇಳಿಯುವವರೆಗೆ ಎಳೆಯದು, ನಾರು ತಡೆದ ಕಡೆ ನಿಲ್ಲಿಸಿಬಿಡು. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ವಿಷದ ಅಂಶವಿದೆ. ಹಾಗಾಗಿ ಕೊಚ್ಚಿದ್ದನ್ನು ಎರಡು ಮೂರು ದಿನ ನೀರಲ್ಲಿ ನೆನೆಹಾಕಿ, ದಿನಾ ಆ ನೀರು ಚೆಲ್ಲಿ ಹೊಸ ನೀರು ತುಂಬಬೇಕು. ಚೆಲ್ಲಿದ ನೀರಿಗೆ ದನ ಬಾಯಿ ಹಾಕದಂತೆ ನೋಡಿಕೋ. ಆಮೇಲೆ ಚೆನ್ನಾಗಿ ಬೇಯಿಸಿ ಆ ನೀರನ್ನೂ ಬಸಿದು, ಹೆಸರುಕಾಳಿನ ಜೊತೆ ಸಾರು ಮಾಡಿದರೆ ಬಿಸಿ ಕಡುಬಿಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. ಸಂತೆಯಲ್ಲಿ ಕೊಚ್ಚಿ ನೆನೆಸಿಟ್ಟ ಕಳಲೆಯೂ ಸಿಗುತ್ತದೆ. ಕೊಳ್ಳುವಾಗ ಎಷ್ಟು ದಿನದ್ದೆಂದು ಕೇಳು, ಒಂದೇ ದಿನದ್ದೆಂದರೆ ಉಳಿದ ದಿನ ನಿನ್ನ ಮನೆಯ ಪಾತ್ರೆಯಲ್ಲಿ ನೆನೆಯಲಿ. ನೆಂಟರು ಬಂದಿದ್ದಾರೆ, ಹಸಿದಿದ್ದಾರೆ ಎಂದು ಇದರಲ್ಲಿ ಅವಸರ ಮಾಡಕೂಡದು.

ಕೆಸುವಿನ ಎಲೆಯೂ ಹಾಗೆಯೇ. ಅದರೊಳಗೆ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿವೆ, ಬಾಯಿ ತುರಿಸುವುದು ಅವುಗಳಿಂದ. ಕೈಗೆ ಎಣ್ಣೆ ಸವರಿ ಹೆಚ್ಚು, ಹುಳಿ ಧಾರಾಳವಾಗಿ ಹಾಕು, ಪತ್ರೊಡೆಯನ್ನು ಹಬೆಯಲ್ಲಿ ಪೂರ್ತಿ ಬೇಯಲು ಬಿಡು. ಅಣಬೆಯ ವಿಷಯದಲ್ಲಂತೂ ಒಂದೇ ಮಾತು: ನಿನಗೂ ಮಾರುವವರಿಗೂ ಚೆನ್ನಾಗಿ ಗುರುತಿರುವ ಹುತ್ತದ ಅಣಬೆಯನ್ನಷ್ಟೇ ಒಲೆಗೆ ಏರಿಸು. ಅದು ಗೆದ್ದಲು ತನ್ನ ಗೂಡಿನೊಳಗೆ ಸಾಕುವ ಅಣಬೆ, ಮನುಷ್ಯರಿಗೆ ಬೆಳೆಸಲು ಬರುವುದಿಲ್ಲ. ಆದ್ದರಿಂದ ಮಳೆ ಕೊಟ್ಟಾಗ ಮಾತ್ರ ಉಂಟು. ಸಿಕ್ಕ ದಿನವೇ ಮಾಡಿ ಮುಗಿಸು. ಒಂದೆಲಗ, ಚಗತೆ ಸೊಪ್ಪು ಕೊಳ್ಳುವಾಗ ಎಲ್ಲಿ ಕಿತ್ತದ್ದೆಂದು ವಿಚಾರಿಸು. ಕಳೆನಾಶಕ ಹೊಡೆದ ಕಾಫಿ ತೋಟದ ಸೊಪ್ಪು ಬೇಡವೇ ಬೇಡ. ನಿನ್ನ ತೋಟದಲ್ಲೂ ಮನೆಯ ಸುತ್ತಲಿನ ಜಾಗಕ್ಕಾದರೂ ಆ ಔಷಧಿ ಹೊಡೆಸಬೇಡ.

ಟೊಮೆಟೊ ಇಲ್ಲದೆ ಸಾರು ಹೇಗೆ ಎಂದು ನಿನ್ನ ಹೆಂಡತಿ ಕೇಳಿದಳಂತೆ. ಒಳ್ಳೆಯ ಪ್ರಶ್ನೆ. ನಮ್ಮ ಘಟ್ಟದಂಚಿನ ಮಳೆಗೆ ಟೊಮೆಟೊ ಗಿಡ ಕೊಳೆಯುತ್ತದೆ, ಅದು ಬರುವುದು ಕೋಲಾರದ ಕಡೆಯಿಂದ. 2023ರ ಜುಲೈಯಲ್ಲಿ ಕಿಲೋಗೆ ನೂರು ರೂಪಾಯಿ ದಾಟಿದಾಗ ಊರೆಲ್ಲ ಹಾಹಾಕಾರ. ನಮ್ಮ ಅಮ್ಮಂದಿರು ಮಳೆಗಾಲದಲ್ಲಿ ಟೊಮೆಟೊ ಮುಟ್ಟಿದವರೇ ಅಲ್ಲ. ಅವರಿಗೆ ಅಮಟೆಕಾಯಿ ಇತ್ತು, ಒಣಗಿಸಿಟ್ಟ ವಾಟೆಹುಳಿ ಇತ್ತು, ಹೇರಳೆಕಾಯಿ ಇತ್ತು, ಬೇಸಿಗೆಯಲ್ಲಿ ಉಪ್ಪುನೀರಿಗೆ ಹಾಕಿಟ್ಟ ಮಾವಿನಕಾಯಿ ಇತ್ತು. ಒಂದೊಂದು ಹುಳಿಗೆ ಒಂದೊಂದು ರುಚಿ. ಅಮಟೆಕಾಯಿಯನ್ನು ಜಜ್ಜಿ ಹಾಕಿದ ಬೇಳೆಸಾರು ಒಮ್ಮೆ ಮಾಡಿ ನೋಡಿ, ಆಮೇಲೆ ಅವಳೇ ಅದನ್ನು ಹುಡುಕಿಕೊಂಡು ಸಂತೆಗೆ ಹೋಗುತ್ತಾಳೆ.

ಆಗಸ್ಟ್ ಕಳೆಯುವ ಹೊತ್ತಿಗೆ ನಮ್ಮ ಜಿಲ್ಲೆಯ ಹೊಸ ಆಲೂಗಡ್ಡೆ ಬರುತ್ತದೆ. ಪಂಜಾಬಿನ ಜಲಂಧರ್‌ನಿಂದ ಬಿತ್ತನೆಗೆಡ್ಡೆ ತರಿಸಿ, ಮುಂಗಾರಿಗೆ ಮೊದಲಿನ ಮಳೆಗೆ ನೆಟ್ಟು, ಅಂಗಮಾರಿ ರೋಗದ ಕೈಯಿಂದ ಉಳಿಸಿಕೊಂಡ ಬೆಳೆ ಅದು. ಆ ರೋಗಕ್ಕೆ ಸೋತು ಎಷ್ಟೋ ರೈತರು ಮುಸುಕಿನ ಜೋಳಕ್ಕೂ ಶುಂಠಿಗೂ ತಿರುಗಿದರು. ಹೊಸ ಗೆಡ್ಡೆಯ ಸಿಪ್ಪೆ ಬೆರಳಿಗೇ ಸುಲಿದು ಬರುವಷ್ಟು ತೆಳು, ತೆಗೆಯದೆಯೇ ಬೇಯಿಸು. ಡಿಸೆಂಬರಿನಲ್ಲಿ ಬಯಲು ಕಡೆಯಿಂದ ಸೊಗಡಿನ ಅವರೆ ಬರುತ್ತದೆ, ಆಗ ಒಂದು ತಿಂಗಳು ಬೇರೆ ಕಾಳಿನ ಯೋಚನೆಯೇ ಬೇಡ. ಕಾಫಿ ಕುಯ್ಲಿನ ಹೊತ್ತಿಗೆ ತೋಟದ ಕಿತ್ತಳೆ ಕಂಡರೆ ಬಿಡಬೇಡ. ರೋಗ ಬಂದು ಗಿಡಗಳು ಬಹಳ ಹೋಗಿವೆ, ಉಳಿದ ಗಿಡಗಳನ್ನು ಬೆಳೆಗಾರರು ಮಾರಾಟವಿದ್ದರಷ್ಟೇ ಉಳಿಸಿಕೊಳ್ಳುತ್ತಾರೆ. ಬೇಸಿಗೆಗೆ ಎಳೆ ಹಲಸಿನ ಪಲ್ಯ, ಕಾಡುಮಾವಿನ ಹಣ್ಣಿನ ಗೊಜ್ಜು.

ಇದೆಲ್ಲ ನಿನಗೆ ಗೊತ್ತಿಲ್ಲವೆಂದು ನಾಚಿಕೊಳ್ಳಬೇಡ. ಗೊತ್ತಿಲ್ಲದ ಸೊಪ್ಪು ಕಂಡರೆ, "ಅಜ್ಜಿ, ಇದನ್ನ ಹೆಂಗೆ ಮಾಡದು?" ಎಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳು. ಹುರಿಯುವುದೋ, ಬಸಿಯುವುದೋ, ಯಾವ ಬೇಳೆಗೆ ಹೊಂದುತ್ತದೆ, ಬಾಣಂತಿಗೆ ಕೊಡಬಹುದೋ ಬೇಡವೋ, ಎಲ್ಲವನ್ನೂ ಹೇಳುತ್ತಾರೆ. ಅವರು ಹೇಳುವ ಎಷ್ಟೋ ಮಾತು ಯಾವ ಅಡುಗೆ ಪುಸ್ತಕದಲ್ಲೂ ಇಲ್ಲ, ಕೇಳುವವರಿಲ್ಲದೆ ಅವರ ಜೊತೆಗೇ ಹೋಗುತ್ತಿದೆ. ಇದು ನನಗೆ ನಿಜವಾಗಿಯೂ ಸಂಕಟದ ವಿಷಯ. ಇಂಥ ಮಾತುಕತೆಗೆ ಬೆಳೆದವರೂ ಕೊಳ್ಳುವವರೂ ಎದುರುಬದುರಾಗಬೇಕು. ಆಂಧ್ರದಲ್ಲಿ ರೈತು ಬಜಾರು, ತಮಿಳುನಾಡಿನಲ್ಲಿ ಉಳವರ್ ಸಂದೈ, ಎರಡನ್ನೂ ಅಲ್ಲಿನ ಸರಕಾರಗಳು 1999ರಲ್ಲಿ ಶುರುಮಾಡಿದವು, ಬೆಳೆದವರೂ ತಿನ್ನುವವರೂ ನೇರ ಕಾಣಲಿ ಎಂದು. ಒಳ್ಳೆಯ ಕೆಲಸವೇ. ನಮ್ಮ ಗೋಣಿತಾಟಿನ ಸಾಲಿನಲ್ಲಿ ಅದು ಮೊದಲಿನಿಂದಲೂ ನಡೆಯುತ್ತಿದೆ, ನಿನ್ನಂಥ ಗಿರಾಕಿಗಳು ಬರುವುದಷ್ಟೇ ಬಾಕಿ.

ನಿನ್ನದು ಹತ್ತಾರು ಜನ ಉಣ್ಣುವ ಮನೆ, ಎರಡು ಕಟ್ಟು ಸೊಪ್ಪು ಸಾಲದು. ಅದಕ್ಕೂ ದಾರಿಯಿದೆ. ಬರುವ ವಾರಕ್ಕೆ ಎಷ್ಟು ಕಳಲೆ, ಎಷ್ಟು ಕೆಸುವಿನ ಎಲೆ ಬೇಕೆಂದು ಇಬ್ಬರು ಮೂವರಿಗೆ ಈ ವಾರವೇ ಹೇಳಿ ಬಾ, ಸ್ವಲ್ಪ ಮುಂಗಡವನ್ನೂ ಕೊಡು. ಹೇಳಿದ ಮೇಲೆ ಎಂಥ ಮಳೆ ಬಂದರೂ, ಗೆಸ್ಟುಗಳು ಬುಕಿಂಗ್ ಕ್ಯಾನ್ಸಲ್ ಮಾಡಿದರೂ, ಹೋಗುವುದನ್ನು ತಪ್ಪಿಸಬೇಡ. ನೀನು ಬರುತ್ತೀಯೆಂದು ಅವರು ಬೆಳಿಗ್ಗೆಯೇ ಕೊಯ್ದು ತಂದಿರುತ್ತಾರೆ.