ಸೋತವರಿಗೂ ಒಂದು ಕೆಲಸವಿದೆ

ಮಕ್ಕಳೇ,

ಚುನಾವಣೆಯ ಮಾತು ತೆಗೆದರೆ ಸಾಕು, ‘ಎಲ್ಲ ಮೊದಲೇ ಫಿಕ್ಸ್ ಆಗಿರುತ್ತೆ ಬಿಡಿ’ ಎಂದು ನೀವು ಎದ್ದು ಹೋಗುತ್ತೀರಿ. ಗೆದ್ದ ಪಕ್ಷದ ಹುಡುಗರು ಪಟಾಕಿ ಹೊಡೆಯುತ್ತಾರೆ, ಸೋತವರು ಮತಯಂತ್ರವನ್ನು ಬೈಯುತ್ತಾರೆ. ಸೋತವರು ಮಾಡಬೇಕಾದ ಕೆಲಸ ಬೇರೆಯೇ ಇದೆ. ಅದನ್ನು ಘಾನಾದ ಜನ ಹೇಗೆ ಕಲಿತರು ಎಂಬುದನ್ನು ಸ್ವಲ್ಪ ಕೂತು ಕೇಳಿ.

ಪಶ್ಚಿಮ ಆಫ್ರಿಕಾದ ಆ ದೇಶಕ್ಕೆ 1957ರ ಮಾರ್ಚ್ 6ರಂದು ಸ್ವಾತಂತ್ರ್ಯ ಬಂತು. ತಂದುಕೊಟ್ಟ ಕ್ವಾಮೆ ಎನ್‌ಕ್ರುಮಾ ಅವರೇ 1964ರಲ್ಲಿ ಒಂದೇ ಪಕ್ಷದ ಆಡಳಿತ ಹೇರಿದರು. ಎರಡೇ ವರ್ಷಕ್ಕೆ ಸೇನೆ ಅವರನ್ನು ಕೆಳಗಿಳಿಸಿತು. ಆಮೇಲೆ 1972, 1979, 1981ರಲ್ಲೂ ಸೈನಿಕರೇ ಬಂದರು. 1981ರಲ್ಲಿ ಅಧಿಕಾರ ಹಿಡಿದ ಜೆರ್ರಿ ರಾಲಿಂಗ್ಸ್ 1992ರಲ್ಲಿ ಬಹುಪಕ್ಷ ಚುನಾವಣೆಗೆ ಒಪ್ಪಿದರು, ತಾವೇ ನಿಂತು ಗೆದ್ದರು. ವಿರೋಧಿ ಎನ್‌ಪಿಪಿ ಪಕ್ಷ ‘ಇದು ಮೋಸ’ ಎಂದು ಮುಂದಿನ ತಿಂಗಳ ಸಂಸತ್ ಚುನಾವಣೆಯನ್ನು ಬಹಿಷ್ಕರಿಸಿತು. ಸಿಟ್ಟು ತೀರಿತು, ಆದರೆ ನಾಲ್ಕು ವರ್ಷ ಸಂಸತ್ತಿನಲ್ಲಿ ಆ ಪಕ್ಷದ ದನಿಯೇ ಇರಲಿಲ್ಲ.

ಮುನಿಸಿಕೊಂಡು ದೂರ ಕೂತರೆ ಆಟ ನಿಲ್ಲುವುದಿಲ್ಲ ಎಂಬುದು ಅವರಿಗೆ ಬೇಗ ಅರ್ಥವಾಯಿತು. 1994ರಲ್ಲಿ ಚುನಾವಣಾ ಆಯೋಗವೂ ಪಕ್ಷಗಳೂ ಒಂದೇ ಮೇಜಿಗೆ ಕೂರುವ ಸಲಹಾ ಸಮಿತಿ ಹುಟ್ಟಿತು. 1996ರ ಹೊತ್ತಿಗೆ ಒಳಗಿದ್ದದ್ದು ಕಾಣುವ ಮತಪೆಟ್ಟಿಗೆ ಬಂತು, ಮತದಾರರಿಗೆ ಗುರುತಿನ ಚೀಟಿ ಬಂತು. ಆ ಸಲವೂ ಎನ್‌ಪಿಪಿ ಸೋತಿತು, ಆದರೆ ಸಂಸತ್ತಿನೊಳಗೆ ಕಾಲಿಟ್ಟಿತು. 2000ದಲ್ಲಿ ರಾಲಿಂಗ್ಸ್ ಅವರ ಎರಡು ಅವಧಿ ಮುಗಿದಿತ್ತು. ಎನ್‌ಪಿಪಿಯ ಜಾನ್ ಕುಫೂರ್ ಗೆದ್ದರು, ಸೈನ್ಯದಿಂದ ಬಂದಿದ್ದ ಮನುಷ್ಯ ಮತದ ತೀರ್ಪಿಗೆ ತಲೆಬಾಗಿ ಮನೆಗೆ ಹೋದರು. 2008ರಲ್ಲಿ ಗಾಳಿ ತಿರುಗಿತು: ಎರಡನೇ ಸುತ್ತಿನಲ್ಲಿ ಸುಮಾರು ನಲವತ್ತು ಸಾವಿರ ಮತಗಳ ಅಂತರದಲ್ಲಿ ಎನ್‌ಪಿಪಿ ಅಧಿಕಾರ ಕಳೆದುಕೊಂಡಿತು. ಗದ್ದುಗೆಯಲ್ಲಿದ್ದ ಪಕ್ಷ ಅಷ್ಟು ಕಡಿಮೆ ಅಂತರದ ಸೋಲನ್ನು ನುಂಗಿಕೊಳ್ಳುವುದು ಎಲ್ಲಿಯೂ ಸುಲಭವಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 2012ರ ಚುನಾವಣೆ. ಅಲ್ಲಿ ಮತದಾನ ಮುಗಿದೊಡನೆ ಮತಗಟ್ಟೆಯಲ್ಲೇ ಎಲ್ಲರೆದುರು ಎಣಿಸುತ್ತಾರೆ. ಲೆಕ್ಕ ಬರೆಯುವ ಹಾಳೆಗೆ ಜನ ‘ಪಿಂಕ್ ಶೀಟ್’ ಎನ್ನುತ್ತಾರೆ. ಪಕ್ಷಗಳ ಏಜೆಂಟರು ಅದಕ್ಕೆ ಸಹಿ ಹಾಕಿ ತಮ್ಮ ಪ್ರತಿ ಪಡೆಯುತ್ತಾರೆ. ಸೋತ ಎನ್‌ಪಿಪಿ ಅಭ್ಯರ್ಥಿ ನಾನಾ ಅಕುಫೊ-ಆಡೊ ಸಾವಿರಾರು ಮತಗಟ್ಟೆಗಳ ಪಿಂಕ್ ಶೀಟ್ ಹೊತ್ತು ಸುಪ್ರೀಂ ಕೋರ್ಟಿಗೆ ಹೋದರು. ವಿಚಾರಣೆ ಟಿ.ವಿ.ಯಲ್ಲಿ ನೇರ ಪ್ರಸಾರವಾಯಿತು, ಇಡೀ ದೇಶ ತಿಂಗಳುಗಟ್ಟಲೆ ಕೂತು ನೋಡಿತು. 2013ರ ಆಗಸ್ಟ್ 29ರಂದು ಅರ್ಜಿ ವಜಾ ಆಯಿತು. ತೀರ್ಪು ತಮಗೆ ಸರಿಕಾಣದಿದ್ದರೂ ಒಪ್ಪುತ್ತೇನೆಂದ ಅವರು, ಗೆದ್ದ ಜಾನ್ ಮಹಾಮಾ ಅವರಿಗೆ ಅಂದೇ ಫೋನಿನಲ್ಲಿ ಅಭಿನಂದನೆ ಹೇಳಿದರು. 2016ರಲ್ಲಿ ಅದೇ ಮಹಾಮಾ ಅವರನ್ನು ಸೋಲಿಸಿದರು. 2024ರಲ್ಲಿ ಮಹಾಮಾ ಮರಳಿ ಬಂದರು. ಆಳುವ ಪಕ್ಷದ ಅಭ್ಯರ್ಥಿ ಬಾವುಮಿಯಾ ಅಧಿಕೃತ ಘೋಷಣೆಗೂ ಮೊದಲೇ ಸೋಲೊಪ್ಪಿಕೊಂಡರು. ಉತ್ತರದ ನೆರೆಯ ಬುರ್ಕಿನಾ ಫಾಸೊದಲ್ಲಿ 2022ರಲ್ಲಿ ಎರಡು ಸಲ ಸೇನೆ ಅಧಿಕಾರ ಕಿತ್ತುಕೊಂಡಿದ್ದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಹಾಗೆಂದು ಘಾನಾ ಚೊಕ್ಕ ಚಿನ್ನವೇನಲ್ಲ. ಅಲ್ಲಿಯೂ ಪಕ್ಷಗಳಿಗೆ ದುಡಿಯುವ ನಿಮ್ಮ ವಯಸ್ಸಿನ ಹುಡುಗರ ದಂಡಿದೆ. ಸರ್ಕಾರ ಬದಲಾದೊಡನೆ ಗೆದ್ದ ಪಕ್ಷದ ಕಾಲಾಳುಗಳು ಸಾರ್ವಜನಿಕ ಶೌಚಾಲಯ, ಟೋಲ್ ಕಟ್ಟೆಗಳನ್ನು ‘ಇನ್ನು ಇವು ನಮ್ಮವು’ ಎಂದು ವಶಮಾಡಿಕೊಂಡದ್ದುಂಟು. 2017ರಲ್ಲಿ ಕುಮಾಸಿ ನಗರದಲ್ಲಿ ಆಗ ತಾನೇ ಗೆದ್ದಿದ್ದ ಪಕ್ಷದ ಬೆಂಬಲಿಗರ ಪಡೆಯೊಂದು ನ್ಯಾಯಾಲಯಕ್ಕೇ ನುಗ್ಗಿ ತನ್ನವರನ್ನು ಬಿಡಿಸಿಕೊಂಡು ಹೋಯಿತು. ಕೊನೆಗೆ 2019ರಲ್ಲಿ ಇಂಥ ಪಡೆಗಳನ್ನು ನಿಷೇಧಿಸುವ ಕಾಯ್ದೆಯೇ ಬೇಕಾಯಿತು. ನಾಯಕರು ಫೋನಿನಲ್ಲಿ ಅಭಿನಂದನೆ ಹೇಳಿಕೊಳ್ಳುವಾಗ ಕೇಸು ಮಾತ್ರ ಹುಡುಗರ ಹೆಸರಿನಲ್ಲೇ ಉಳಿದಿರುತ್ತದೆ. ನಿಮ್ಮ ಕೈಗೆ ಯಾರಾದರೂ ಕಲ್ಲು ಕೊಟ್ಟರೆ, ಅವರ ಮಕ್ಕಳು ಎಲ್ಲಿದ್ದಾರೆಂದು ಮೊದಲು ಕೇಳಿ.

ಇನ್ನೊಂದು ಮಾತು. ಬೇಸರಪಟ್ಟು ಮನೆಯಲ್ಲಿ ಕೂರುವುದೂ ಒಂದು ಆಯ್ಕೆಯೇ, ಅದಕ್ಕೂ ಫಲಿತಾಂಶವಿದೆ. ಘಾನಾದಲ್ಲಿ 2020ರಲ್ಲಿ ಶೇ 79ರಷ್ಟಿದ್ದ ಮತದಾನ 2024ರಲ್ಲಿ ಶೇ 61ರ ಆಸುಪಾಸಿಗೆ ಇಳಿಯಿತು. ಬೆಲೆಯೇರಿಕೆಯಿಂದ ಕಂಗೆಟ್ಟ ಅನೇಕರು ತಮ್ಮ ಹಳೆಯ ಪಕ್ಷಕ್ಕೂ ಹಾಕಲಿಲ್ಲ, ಎದುರಿನವರಿಗೂ ಹಾಕಲಿಲ್ಲ. ಮತಗಟ್ಟೆಗೆ ಹೋದವರು ಅವರ ಪರವಾಗಿಯೂ ತೀರ್ಮಾನಿಸಿಬಿಟ್ಟರು.

ನಮ್ಮ ಮೈಸೂರಿನಲ್ಲಿ ತಯಾರಾಗುವ ಅಳಿಸಲಾಗದ ಶಾಯಿ ಘಾನಾಕ್ಕೂ ರಫ್ತಾಗಿದೆ. ಆ ಶಾಯಿ ಒಬ್ಬರು ಎರಡು ಸಲ ಮತ ಹಾಕುವುದನ್ನು ತಡೆಯಬಲ್ಲದು, ಅಷ್ಟೇ. ಎಣಿಕೆಯ ಮೇಲೆ ಕಣ್ಣಿಡುವುದು, ತಪ್ಪಿದ್ದರೆ ಬರೆದಿಡುವುದು, ತಪ್ಪಿಲ್ಲದಿದ್ದರೆ ಸೋಲನ್ನು ಒಪ್ಪುವುದು ಮನುಷ್ಯರೇ ಮಾಡಬೇಕಾದ ಕೆಲಸ.

ಆದ್ದರಿಂದ ನಿಮಗೆ ಹೇಳುವುದಿಷ್ಟು. ಯಾವ ಪಕ್ಷವಾದರೂ ಸರಿ, ಮುಂದಿನ ಚುನಾವಣೆಯಲ್ಲಿ ಒಂದು ದಿನ ಮತಗಟ್ಟೆಯ ಏಜೆಂಟರಾಗಿ ಕೂತುಬನ್ನಿ. ಮತದಾನ ಮುಗಿದಾಗ ಚಲಾವಣೆಯಾದ ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿಯನ್ನು ಏಜೆಂಟರಿಗೆ ಕೊಡಬೇಕೆಂದು ನಮ್ಮ ನಿಯಮವೇ ಹೇಳುತ್ತದೆ. ಕೇಳಿ ಪಡೆಯಿರಿ, ಜೋಪಾನವಾಗಿಡಿ. ಎಣಿಕೆಯ ದಿನ ತಾಳೆ ನೋಡಿ. ಹೊಂದದಿದ್ದರೆ ಆ ಹಾಳೆ ಹಿಡಿದು ಜಗಳವಾಡಿ, ನಾನೂ ನಿಮ್ಮ ಜೊತೆ ಬರುತ್ತೇನೆ. ಹೊಂದಿದರೆ ಎದುರು ಪಕ್ಷದ ಗೆಳೆಯನ ಕೈ ಕುಲುಕಿ, ಮರುದಿನದಿಂದಲೇ ಮುಂದಿನ ಚುನಾವಣೆಗೆ ಕೆಲಸ ಶುರುಮಾಡಿ.